ಹೆಸರು ಕೇಳಬಾರದ ಹೊತ್ತು

ಉಣ್ಣಲು ಗತಿಯಿಲ್ಲದವರು ಮಾತ್ರ ಭಿಕ್ಷೆ ಬೇಡುತ್ತಾರೆ ಎಂದು ನೀವು ತಿಳಿದಿದ್ದರೆ ಒಂದು ಸಲ ನಮ್ಮ ಗಾಣಗಾಪುರಕ್ಕೆ ಬಂದು ನೋಡಬೇಕು. ಮಧ್ಯಾಹ್ನ ಹನ್ನೆರಡಾಯಿತು ಅಂದರೆ ಪುಣೆಯ ಡಾಕ್ಟರು, ಸೊಲ್ಲಾಪುರದ ಬಟ್ಟೆ ವ್ಯಾಪಾರಿ, ಲಾತೂರಿನ ಹೆಡ್‌ಮಾಸ್ತರು, ಎಲ್ಲರೂ ಹೆಗಲಿಗೆ ಕಾವಿ ಜೋಳಿಗೆ ಹಾಕಿಕೊಂಡು ಬರಿಗಾಲಲ್ಲಿ ಓಣಿ ಓಣಿ ತಿರುಗುತ್ತಾರೆ. ಕಾರು ಹೊರಗೆ ನಿಂತಿರುತ್ತದೆ, ಕೈಯಲ್ಲಿ ನಾಲ್ಕು ಉಂಗುರ ಇರುತ್ತವೆ, ಆದರೂ ಐದು ಮನೆ ಬೇಡಿಯೇ ಉಣ್ಣಬೇಕು. ಅದಕ್ಕೆ ಮಧುಕರಿ ಅನ್ನುತ್ತಾರೆ. ದತ್ತ ಮಹಾರಾಜ ದಿನಾ ಮಧ್ಯಾಹ್ನ ಯಾವುದೋ ವೇಷದಲ್ಲಿ ಈ ಊರಿಗೆ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ. ಬೇಡುವವರಲ್ಲಿ ಅವನೂ ಒಬ್ಬ ಇರಬಹುದು. ಹಾಗಾಗಿ ನೀಡುವವರು ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ.

ನಾನು ಗಂಗಾಬಾಯಿ, ಆಳಂದ ಕಡೆಯ ಲಿಂಗಾಯತರ ಮನೆಯ ಮಗಳು. ದುಡಿದು ಉಣ್ಣಬೇಕು, ಬೇಡುವುದಕ್ಕಿಂತ ಉಪವಾಸ ಮೇಲು ಎಂದು ಕಲಿಸಿದ ಅಪ್ಪ ನನ್ನನ್ನು ಕೊಟ್ಟದ್ದು ಮಾತ್ರ ಇಡೀ ದೇಶವೇ ಬೇಡಲು ಬರುವ ಊರಿಗೆ. ಮದುವೆಯಾದ ಹೊಸದರಲ್ಲಿ ಚಿನ್ನದ ಹಲ್ಲಿನ ಒಬ್ಬ ಸೇಠ ನಮ್ಮ ಬಾಗಿಲಲ್ಲಿ ನಿಂತು 'ಭವತಿ ಭಿಕ್ಷಾಂ ದೇಹಿ' ಅಂದಾಗ ನಾನು ಖೊಳ್ಳನೆ ನಕ್ಕುಬಿಟ್ಟೆ. ಅತ್ತೆ ಒಳಗೆ ಎಳೆದುಕೊಂಡು ಹೋಗಿ ತೋಳು ಚಿವುಟಿದಳು. ನಮ್ಮ ಮನೆಯ ರಿವಾಜು ಕಲಿಸಿದ್ದು ಅವತ್ತೇ.

"ಮಧ್ಯಾಹ್ನ ಬಂದವರಿಗೆ ಹೆಸರು ಕೇಳಬ್ಯಾಡ, ಊರು ಕೇಳಬ್ಯಾಡ, ಕುಲ ಅಂತೂ ಕೇಳಲೇಬ್ಯಾಡ. ಕೇಳಿದಿ ಅಂದ್ರ ಬಂದಾಂವ ಬರೇ ಮನಶ್ಯಾ ಆಗಿ ಉಳೀತಾನ, ತಿಳೀತಿಲ್ಲೋ?"

ತಿಳಿಯಿತು ಅಂದೆ. ಆಮೇಲೆ ಅತ್ತೆ ತೀರಿಕೊಂಡಳು, ಅವಳ ಹಿಂದೆ ಹನ್ನೊಂದು ವರ್ಷದ ಕೆಳಗೆ ನನ್ನ ಗಂಡನೂ ಹೋದ. ಮಕ್ಕಳಾಗಲಿಲ್ಲ. ಉಳಿದದ್ದು ಗುಡಿಯ ಹಿಂದಿನ ಓಣಿಯ ಈ ಮನೆ, ಗಂಡ ಇದ್ದಾಗ ಯಾತ್ರಿಕರಿಗೆಂದು ಕಟ್ಟಿಸಿದ ಮೂರು ರೂಮು, ಮತ್ತೆ ನಾನು.

ಒಂಟಿತನ ಅಂದರೆ ಖಾಲಿ ಮನೆ ಎಂದು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಮನೆ ಖಾಲಿ ಇದ್ದದ್ದೇ ಇಲ್ಲ. ಗುರುವಾರ, ಹುಣ್ಣಿಮೆ ಬಂದರೆ ಮಾಳಿಗೆಯ ಮೇಲೂ ಮಂದಿ ಮಲಗುತ್ತಾರೆ. ವರ್ಷಕ್ಕೆ ಸಾವಿರ ಜನ ನನ್ನ ಹಾಸಿಗೆಯ ಮೇಲೆ ಮಲಗಿ ಎದ್ದು ಹೋಗುತ್ತಾರೆ. ಮರಾಠಿ ಮಂದಿಗೆ ನಾನು ಮಾವಶಿ, ಅಂದರೆ ಚಿಕ್ಕಮ್ಮ. ಬಿಸಿನೀರು ಎಲ್ಲಿ ಮಾವಶಿ, ಬಕೀಟು ಎಲ್ಲಿ ಮಾವಶಿ, ಸಂಗಮಕ್ಕೆ ಆಟೋ ಎಷ್ಟು ತಗೋತಾನೆ ಮಾವಶಿ. ಹೋಗುವಾಗ ಮುಂದಿನ ಹುಣ್ಣಿಮೆಗೆ ನಿಮ್ಮ ಮನೆಗೇ ಬರುತ್ತೇವೆ ಎಂದು ಕೈ ಮುಗಿಯುತ್ತಾರೆ. ಮೊದಮೊದಲು ನಾನು ಆ ಹುಣ್ಣಿಮೆ ಯಾವತ್ತು ಬೀಳುತ್ತದೆ ಎಂದು ಪಂಚಾಂಗ ನೋಡುತ್ತಿದ್ದೆ, ನಾನೆಂಥ ಹುಚ್ಚಿ! ಅವರು ಫೋನು ಮಾಡುವುದು ಒಂದೇ ಕಾರಣಕ್ಕೆ, ಗೋಡೆಗೆ ಚಾರ್ಜರು ಮರೆತು ಹೋಗಿರುತ್ತಾರೆ. ಕೊರಿಯರ್ ಮಾಡ್ತೀರಾ ಮಾವಶಿ ಅನ್ನುತ್ತಾರೆ. ನಿನ್ನ ಚಾರ್ಜರು ಭೀಮಾ ನದಿಗೆ ಒಗೆದೆ ಎಂದು ಒಬ್ಬನಿಗೆ ಹೇಳಿದ್ದೂ ಉಂಟು. ಒಗೆದಿರಲಿಲ್ಲ ಬಿಡಿ, ಇನ್ನೂ ಗೂಡಿನಲ್ಲಿದೆ.

ಇಷ್ಟು ಜನರ ನಡುವೆ ನನ್ನ ಮಾತು ಕೇಳುವವರು ಒಬ್ಬರೂ ಇರಲಿಲ್ಲ. ಹಾಗಿರುವಾಗ ಅವನು ಬಂದ.

ಹೋದ ವರ್ಷ ದಸರೆ ಮುಗಿದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ದನಿ ಕೇಳಿಸಿತು. ಮೂವತ್ತೈದರ ಆಸುಪಾಸಿನ ಮನುಷ್ಯ, ಉದ್ದ ಗಡ್ಡ, ಮಾಸಿದ ಅಂಗಿ, ಜೋಳಿಗೆ. ಒಂದು ಜೋಳದ ರೊಟ್ಟಿ, ಅದರ ಮೇಲೆ ಝುಣಕ ಹಾಕಿದೆ. ಮರುದಿನವೂ ಬಂದ, ಅದರ ಮರುದಿನವೂ ಬಂದ. ನನ್ನದು ಅವನ ಐದನೆಯ ಮನೆ. ಬೇಡುವುದು ಅಲ್ಲಿಗೆ ಮುಗಿಯುತ್ತಿದ್ದುದರಿಂದ ನನ್ನ ಮನೆ ಮುಂದಿನ ಕಟ್ಟೆಯ ಮೇಲೆಯೇ ಬೇವಿನ ನೆರಳಿಗೆ ಕುಳಿತು ಉಣ್ಣುತ್ತಿದ್ದ. ನಾನು ಹೊಸ್ತಿಲ ಮೇಲೆ ಕುಳಿತು ಮಾತಾಡುತ್ತಿದ್ದೆ.

ಏನು ಮಾತಾಡಿದೆ ಅಂತ ಕೇಳಬೇಡಿ. ಮೊಣಕಾಲು ನೋವಿನಿಂದ ಹಿಡಿದು ನನ್ನ ಮದುವೆಯಲ್ಲಿ ಯಾರು ಯಾರು ಮುನಿಸಿಕೊಂಡು ಎದ್ದು ಹೋದರು ಎಂಬುದರ ತನಕ ಎಲ್ಲ. ಬಾಜೂ ಮನೆಯ ರಮಾಬಾಯಿ ನನ್ನ ಗಿರಾಕಿಗಳನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋಗುವುದು, ನಾನು ಅವಳಿಗೆ ಅಂದದ್ದು, ಅವಳು ನನಗೆ ಅಂದದ್ದು. ಅವನು ಒಂದೂ ಮಾತು ಆಡುತ್ತಿರಲಿಲ್ಲ. ಆದರೆ ಕೇಳುತ್ತಿದ್ದ. ಕೇಳುವವರು ಯಾರು, ಕೇಳಿದಂತೆ ಮಾಡುವವರು ಯಾರು ಎಂಬುದು ಮೂರು ರೂಮು ನಡೆಸುವವಳಿಗೆ ಗೊತ್ತಾಗದೆ ಇರುತ್ತದೆಯೇ? ಸಂಕಟದ ಮಾತು ಬಂದಾಗ ಅವನ ಕೈ ರೊಟ್ಟಿಯ ಮೇಲೆ ಹಾಗೇ ನಿಲ್ಲುತ್ತಿತ್ತು. ರಮಾಬಾಯಿಯ ಸುದ್ದಿ ಬಂದಾಗ ಗಡ್ಡದೊಳಗೆ ನಗುತ್ತಿದ್ದ.

ನಾನು ಅವನನ್ನು ಮಹಾರಾಜ್ರೀ ಎಂದು ಕರೆಯುತ್ತಿದ್ದೆ. ಅವನು ದತ್ತ ಅಂತ ನಾನು ನಂಬಿದ್ದೆನೇ? ಇಲ್ಲ. ನನಗೆ ಅಷ್ಟೊಂದು ಭಕ್ತಿ ಯಾವತ್ತೂ ಇರಲಿಲ್ಲ. ಗಿರನಾರದಿಂದಲೋ ಕಾಶಿಯಿಂದಲೋ ನಡೆದು ಬಂದವನು, ನಮ್ಮ ಭಾಷೆ ಅರ್ಧಂಬರ್ಧ ತಿಳಿಯುವವನು ಎಂದು ನನ್ನಷ್ಟಕ್ಕೆ ನಾನೇ ಕಟ್ಟಿಕೊಂಡಿದ್ದೆ. ಯಾರಾದರೆ ನನಗೇನು? ದಿನಕ್ಕೆ ಅರ್ಧ ತಾಸು ನನಗೆ ಒಬ್ಬರು ಇದ್ದರು. ಆ ಅರ್ಧ ತಾಸಿಗಾಗಿ ನಾನು ಬೆಳಿಗ್ಗೆ ಏಳುತ್ತಿದ್ದೆ. ಇದನ್ನು ಬಾಯಿಬಿಟ್ಟು ಹೇಳಲು ಈಗ ನಾಚಿಕೆಯೇನೂ ಇಲ್ಲ.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು.

ದತ್ತ ಜಯಂತಿಗೆ ಹದಿನೈದು ದಿನ ಇರುವಾಗ ಫರಹೀನ ಎಂಬ ಹುಡುಗಿ ಬಂದಳು. ಜೇವರ್ಗಿಯವಳು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು. ಪ್ರವಾಸಿಗಳ ಲೆಕ್ಕ ಮಾಡಲು ಗುತ್ತಿಗೆಯ ಮೇಲೆ ನೇಮಿಸಿದ್ದರಂತೆ. ನಾಲ್ಕು ದಿನ ಉಳಿಯಲು ಜಾಗ ಬೇಕಾಗಿತ್ತು, ಹಿಂದಿನ ರೂಮು ಕೊಟ್ಟೆ. ಮೊದಲ ದಿನವೇ ನನ್ನ ಎದುರಿಗೆ ಕುಳಿತು ಶುರು ಮಾಡಿದಳು.

"ಅಮ್ಮಾರ, ನಿನ್ನೆ ನಿಮ್ಮ ಮನ್ಯಾಗ ಎಷ್ಟು ಮಂದಿ ಇಳಕೊಂಡಿದ್ರು?"

"ಏಳು ಮಂದಿ. ಅದರಾಗ ಇಬ್ರು ಗೊರಕಿ ಹೊಡ್ಯಾವ್ರು. ಅದನೂ ಬರ್ಕೋ."

ನಕ್ಕಳು. ಯಾವ ಊರಿನವರು, ಎಷ್ಟು ದಿನ ಇದ್ದರು, ಊಟಕ್ಕೆ ಎಷ್ಟು, ಆಟೋಕ್ಕೆ ಎಷ್ಟು, ಹೂವು ತೆಂಗಿನಕಾಯಿಗೆ ಎಷ್ಟು ಎಂದು ಒಂದೊಂದೇ ಕೇಳಿದಳು.

"ಇದೆಲ್ಲಾ ಯಾಕ ಕೇಳ್ತಿ ಬೇ? ನನ್ನ ಮ್ಯಾಲ ಟ್ಯಾಕ್ಸ್ ಹಾಕಾಕೇನು?"

"ಅಲ್ರಿ ಅಮ್ಮಾರ. ಮಂದಿ ತಿರುಗಾಡೂದರಿಂದ ಊರಿಗೆ ಎಷ್ಟು ರೊಕ್ಕ ಬರ್ತದ, ಎಷ್ಟು ಮಂದಿ ಹೊಟ್ಟಿ ತುಂಬ್ತದ ಅಂತ ನೋಡ್ತಾರ್ರಿ. ಇಡೀ ದುನಿಯಾದಾಗ ಹತ್ತು ಕೆಲಸದಾಗ ಒಂದು ಕೆಲಸ ಹಿಂಗ ತಿರುಗಾಡೂ ಮಂದಿಯಿಂದನ ನಡೀತದಂತ. ನಮಗ ಟ್ರೇನಿಂಗ್‌ನ್ಯಾಗ ಹೇಳ್ಯಾರ."

"ಉಳಿದ ಒಂಬತ್ತು ಮಂದಿ ಆರಾಮ ಕುಂತಾರೇನು ಹಂಗಾದ್ರ? ಎಲ್ಲಾರ ಹಾಸಿಗಿ ನಾ ಒಬ್ಬಾಕಿನ ಒಗೀಬೇಕು!"

ಹುಡುಗಿ ಒಳ್ಳೆಯವಳು. ಕೇಳುವುದು ಅವಳ ಕೆಲಸ, ಆದರೆ ಉತ್ತರ ಕೇಳಿಸಿಕೊಂಡು ನಗುವುದು ಕೆಲಸದಲ್ಲಿ ಇರಲಿಲ್ಲ, ಅದನ್ನೂ ಮಾಡುತ್ತಿದ್ದಳು. ಆ ನಗುವಿಗೆ ಉಬ್ಬಿ ನಾನು ಬಾಯಿ ಬಿಟ್ಟೆ. ಮಧ್ಯಾಹ್ನ ಬರುವ ಮಹಾರಾಜರ ವಿಷಯ ಹೇಳಿದೆ. ಅವಳ ಬೆರಳು ಟ್ಯಾಬಿನ ಮೇಲೆ ನಿಂತಿತು.

"ಅವರಿಂದ ಏನು ತಗೋತೀರಿ?"

"ತಗೊಳ್ಳೂದೇನು ಬಂತು? ನಾನಽ ರೊಟ್ಟಿ ಕೊಡ್ತೇನಿ."

"ಪುಕ್ಕಟೆ ಉಣಿಸೂದಕ ಇದರಾಗ ಖಾನೆ ಇಲ್ರಿ. ಆದ್ರೂ ಅವರು ಪ್ರವಾಸಿನ ಆಗ್ತಾರ. ಹೆಸರು, ಊರು ಬೇಕಾಗ್ತದ."

"ಹೆಸರು ಕೇಳಬಾರ್ದು" ಅಂದೆ. ಯಾಕೆ ಎಂಬುದನ್ನೂ ಹೇಳಿದೆ.

"ಹಂಗಾದ್ರ ಬಿಡ್ರಿ ಅಮ್ಮಾರ. ನಿಮ್ಮ ರಿವಾಜು ಕೆಡಿಸಿ ನಾ ಏನ್ ಮಾಡ್ಲಿ" ಎಂದು ಟ್ಯಾಬು ಮುಚ್ಚಿದಳು.

ಅವಳು ಬಿಟ್ಟಳು. ಬಿಡದವಳು ನಾನು. ಹದಿನಾಲ್ಕು ತಿಂಗಳು ಅಡಗಿ ಕುಳಿತಿದ್ದ ಆಸೆ ಅವತ್ತು ಇಡೀ ಸಂಜೆ ತಲೆ ತಿಂದಿತು. ನನ್ನ ಹುಟ್ಟು, ಮದುವೆ, ಮುಟ್ಟು ನಿಂತದ್ದು ಎಲ್ಲ ಅವನಿಗೆ ಗೊತ್ತು. ಅವನ ಹೆಸರು ನನಗೆ ಗೊತ್ತಿಲ್ಲ. ಇದು ಯಾವ ನ್ಯಾಯ? ಅತ್ತೆ ಹೇಳಿದ್ದು ಸೊಸೆಗೆ, ಜೇವರ್ಗಿಯ ಹುಡುಗಿಗೆ ಅಲ್ಲವಲ್ಲ. ನಾನು ಕೇಳಿದರೆ ತಪ್ಪು. ಅವಳು ಕೇಳಿ ನಾನು ಕಿವಿಗೆ ಹಾಕಿಕೊಂಡರೆ ಏನು ತಪ್ಪು? ಇಷ್ಟು ವಯಸ್ಸಾದ ಮೇಲೆ ಇಂಥ ಕಳ್ಳ ಬುದ್ಧಿ ನನಗೆ ಎಲ್ಲಿಂದ ಬಂತೋ.

ಮರುದಿನ ಫರಹೀನಳಿಗೆ ನಾನೇ ಹೇಳಿದೆ. "ನೀ ಕೇಳವ್ವಾ. ಸರಕಾರದ ಕೆಲಸ ಐತಿ, ಯಾರೂ ತಪ್ಪು ಅನ್ನೂದಿಲ್ಲ. ನಾ ಒಳಗ ಇರ್ತೇನಿ."

ಮಧ್ಯಾಹ್ನ ಅವನು ಬಂದ. ರೊಟ್ಟಿ ಹಾಕಿ, ಸಾರು ತರಲು ಹೋದವಳಂತೆ ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ. ಫರಹೀನ ಕಟ್ಟೆಯ ಹತ್ತಿರ ಹೋದಳು. ಐಡಿ ಕಾರ್ಡು ನೋಡಿಯೋ ಟ್ಯಾಬು ನೋಡಿಯೋ ಅವನು ಗಾಬರಿಯಾಗಿ ಎದ್ದು ನಿಂತ.

"ಕುಂದರ್ರಿ ಅಣ್ಣಾರ, ಉಣ್ಕೋತನ ಹೇಳ್ರಿ. ಪ್ರವಾಸಿಗಳ ಸರ್ವೆ ನಡದದ. ನಿಮ್ಮ ಹೆಸರೇನ್ರಿ?"

ನಾನು ಬಾಗಿಲ ಸಂದಿಗೆ ಕಿವಿ ಹಚ್ಚಿದೆ.

"ಕಲ್ಲಿನಾಥ ರಿ."

ಭವತಿ ಭಿಕ್ಷಾಂ ದೇಹಿ ಬಿಟ್ಟು ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

"ಊರು?"

"ನಿಂಬರ್ಗಾ."

ನಿಂಬರ್ಗಾ! ನನ್ನ ತವರಿನಿಂದ ನಾಲ್ಕು ಮೈಲಿ. ಅಲ್ಲಿನ ಸಂತೆಗೆ ನನ್ನ ಅಪ್ಪ ಎತ್ತು ಹೊಡೆದುಕೊಂಡು ಹೋಗುತ್ತಿದ್ದ. ನನ್ನ ಚಿಕ್ಕವ್ವನನ್ನು ಕೊಟ್ಟ ಊರು. ಕಾಶಿಯಂತೆ, ಗಿರನಾರವಂತೆ!

"ಇಲ್ಲಿಗೆ ಬಂದು ಎಷ್ಟು ದಿನ ಆತ್ರಿ?"

"ಹೋದ ವರ್ಷ ದಸರಾ ಆದ ಮ್ಯಾಲ ಬಂದೀನ್ರಿ."

ಫರಹೀನ ಟ್ಯಾಬು ಒತ್ತಿದಳು, ಮತ್ತೆ ಒತ್ತಿದಳು. ಆಮೇಲೆ ಬಾಗಿಲ ಕಡೆ ತಿರುಗಿ ನನಗೆ ಕೇಳಿಸುವಂತೆ ಹೇಳಿದಳು. "ಅಮ್ಮಾರ, ವರ್ಷ ದಾಟಿಬಿಟ್ಟದ. ವರ್ಷ ದಾಟಿದವರು ಪ್ರವಾಸಿ ಅಲ್ರಿ, ಇಲ್ಲಿಯವರಽ ಅಂತ ಹಿಡೀತದ. ಫಾರಂ ಮುಂದ ಹೋಗೂದಿಲ್ಲ."

ಇಲ್ಲಿಯವರೇ. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತು ಅಂದರೆ ಅಲ್ಲೇ ಸುಮ್ಮನಿದ್ದು, ಸಾರು ತಂದು ಬಡಿಸಿ, ಮೊದಲಿನ ಹಾಗೆ ಹೊಸ್ತಿಲ ಮೇಲೆ ಕುಳಿತಿದ್ದರೆ ಇವತ್ತಿಗೂ ಅವನು ಬರುತ್ತಿದ್ದನೇನೋ. ಆದರೆ ಹೆಸರು ಸಿಕ್ಕ ಮೇಲೆ ನಮ್ಮ ಕಡೆಯ ಹೆಂಗಸು ಸುಮ್ಮನಿರುವುದುಂಟೇ? ಯಾರ ಮಗ, ಯಾರ ಮನೆ, ಹೆಂಡತಿ ಎಲ್ಲಿಯವಳು ಎಂದು ಕೇಳದೆ ನಾಲಿಗೆ ಬಾಯೊಳಗೆ ನಿಲ್ಲುವುದಿಲ್ಲ. ನಾನು ಹೊರಗೆ ಬಂದೆ.

"ಲೇ ಕಲ್ಲಿನಾಥ! ನಿಂಬರ್ಗಾದಾಗ ಯಾರ ಮಗಾ ಲೇ ನೀನು?"

ನಿನ್ನೆಯ ತನಕ ಮಹಾರಾಜ್ರೀ ಅಂದ ಬಾಯಿ ಇದೇ.

"ದೌಲತರಾಯನ ಮಗಾ ರಿ. ಅಪ್ಪ ಇಲ್ಲ ಈಗ."

"ಹೆಂಡ್ತಿ ಅದಾಳೇನು?"

"ಅದಾಳ್ರಿ."

"ಹೆಂಡ್ತಿ ಅದಾಳ! ಕೈ ಕಾಲು ಗಟ್ಟಿ ಅದಾವ! ಇಲ್ಲಿಂದ ಒಪ್ಪತ್ತಿನ ಹಾದಿ ಐತಿ ನಿಮ್ಮೂರು! ಮತ್ತ ನನ್ನ ಕಟ್ಟಿ ಮ್ಯಾಲ ಕುಂತು ಹದಿನಾಕು ತಿಂಗಳ ರೊಟ್ಟಿ ಮುರದಿಯಲ್ಲೋ, ನಾಚಿಕಿ ಅನ್ನೂದು ಐತಿಲ್ಲೋ? ತೊಗರಿ ಕೊಯ್ಯಾಕ ಆಳು ಸಿಗವಲ್ಲರು ಅಂತ ಮಂದಿ ಬಾಯಿ ಬಾಯಿ ಬಡ್ಕೊಳ್ಳಾಕತ್ತಾರ. ಆ ಹೆಣ್ಮಗಳು ಉಂಡ್ಳೋ, ಉಪವಾಸ ಬಿದ್ಳೋ, ಒಂದಿನಾರ ನೆನಸಿದಿ? ನೀ ಇಲ್ಲಿ ನನ್ನ ಮಾತು ಕೇಳ್ಕೋತ ಕುಂತಿ, ಆಕಿ ಮಾತು ಯಾರು ಕೇಳಬೇಕಲೇ?"

ಫರಹೀನ ನನ್ನ ತೋಳು ಹಿಡಿದು ಜಗ್ಗಿದಳು. ನಾನು ನಿಲ್ಲಲಿಲ್ಲ. ಅವನು ತಲೆ ತಗ್ಗಿಸಿ ರೊಟ್ಟಿಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದ.

"ದುಡ್ಯಾಕ ಪುಣೇಕ ಹೋಗಿದ್ದೆರಿ. ಎರಡಽ ತಿಂಗಳಿಗೆ ಕೆಲಸ ಹೋತು. ಊರ ಮಂದಿ ಎಲ್ಲಾ ನನ್ನ ಬಸ್ಸಿಗೆ ಕಳಿಸಾಕ ಬಂದಿದ್ರು. ಬರಿಗೈಲೆ ಹ್ಯಾಂಗ ಹೋಗಲಿ ಅಂತ ಇಲ್ಲಿ ಸ್ಟೇಷನ್ನಿಗೆ ಇಳಿದೆ. ಒಂದಿನ ಅಂತ ಬಂದೆ. ಇಲ್ಲಿ ಯಾರೂ ಏನೂ ಕೇಳಲಿಲ್ಲ."

ಉಳಿದ ಅರ್ಧ ರೊಟ್ಟಿಯನ್ನು ಜೋಳಿಗೆಯಲ್ಲಿ ಇಟ್ಟುಕೊಂಡ. ತಂಬಿಗೆಯ ನೀರು ಕುಡಿದು, ತಂಬಿಗೆ ಬೋರಲು ಹಾಕಿದ.

"ಬರ್ತೇನ್ರಿ ಅಕ್ಕಾರ" ಅಂದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಫರಹೀನ ಹೊರಡುವಾಗ ಚೀಲ ಹಿಡಿದುಕೊಂಡು ನನ್ನ ಮುಂದೆ ನಿಂತಳು. "ನನ್ನಿಂದ ಆತೇನ್ರಿ ಅಮ್ಮಾರ?"

"ನಿನ್ನಿಂದ ಯಾಕ ಬೇ? ನನ್ನ ನಾಲಿಗಿಂದ ಆತು" ಅಂದೆ. ನಿಜ ಹೇಳಬೇಕೆಂದರೆ ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ದತ್ತ ಜಯಂತಿ ಬಂತು. ಆ ಸಲ ಬಂದಷ್ಟು ಮಂದಿಯನ್ನು ನಾನು ಎಂದೂ ನೋಡಿರಲಿಲ್ಲ. ಮೂರು ರೂಮು, ಮಾಳಿಗೆ, ಪಡಸಾಲೆ, ಕೊನೆಗೆ ನನ್ನ ಅಡಿಗೆಮನೆಯಲ್ಲೂ ಬಾರಾಮತಿಯ ಒಂದು ಸಂಸಾರ. ಹೂವಿನವರು, ಪೇಡೆಯವರು, ಆಟೋದವರು, ಎಲ್ಲರ ಮುಖವೂ ಅರಳಿತ್ತು. ನಾನು ಮಾತ್ರ ಮಧ್ಯಾಹ್ನವಾದರೆ ಬೀಗದ ಕೈಗಳನ್ನು ಗಿರಾಕಿಗಳ ಕೈಗೇ ಕೊಟ್ಟು ಓಣಿ ಓಣಿ ಸುತ್ತುತ್ತಿದ್ದೆ. ಸಾವಿರ ಜೋಳಿಗೆ, ಸಾವಿರ ಗಡ್ಡ. ಬೇಡುತ್ತಾ ನಿಂತವರ ಮುಖಕ್ಕೆ ಮುಖ ತಂದು ನೋಡಿದೆ. ಒಬ್ಬ ಮುದುಕ ನನಗೇ ಕೈ ಮುಗಿದ, ನಾನು ಅವನಲ್ಲಿ ದತ್ತನನ್ನು ಹುಡುಕುತ್ತಿದ್ದೇನೆ ಅಂದುಕೊಂಡನೋ ಏನೋ. ಸಂಗಮಕ್ಕೂ ಹೋದೆ. ಔದುಂಬರ ಮರದ ಕೆಳಗೆ ಪಾರಾಯಣಕ್ಕೆ ಕುಳಿತವರನ್ನು ಒಬ್ಬೊಬ್ಬರನ್ನೂ ನೋಡಿದೆ. ಅವನಿರಲಿಲ್ಲ.

"ಯಾರಿಗೆ ಹುಡುಕಾಕತ್ತಿ ಗಂಗಾಬಾಯಿ?" ಎಂದು ರಮಾಬಾಯಿ ಕೇಳಿದಳು.

ಯಾರು ಅಂತ ಹೇಳಲಿ? ತಮ್ಮನಲ್ಲ, ಮಗನಲ್ಲ, ಗಿರಾಕಿಯೂ ಅಲ್ಲ. "ಒಬ್ಬ ಗಿರಾಕಿ ಚಾರ್ಜರ್ ಬಿಟ್ಟು ಹೋಗ್ಯಾನ" ಎಂದು ಸುಳ್ಳು ಹೇಳಿ ಮುಂದೆ ಹೋದೆ.

ಜಾತ್ರೆ ಮುಗಿದು ಊರು ಬರಿದಾದ ದಿನ ತೀರ್ಮಾನ ಮಾಡಿದೆ. ನಿಂಬರ್ಗಾಕ್ಕೆ ಹೋಗಬೇಕು. ಅಲ್ಲಿ ಇದ್ದರೆ ಇರಲಿ, ಇಲ್ಲದಿದ್ದರೆ ಎಲ್ಲಿದ್ದಾನೆ ಎಂದಾದರೂ ಗೊತ್ತಾದೀತು. ಸಿಕ್ಕರೆ ಏನು ಹೇಳಬೇಕೆಂಬುದನ್ನೂ ಕಟ್ಟಿಕೊಂಡೆ. ಬಾ ಮಹಾರಾಜ, ನಿನ್ನ ಹೆಸರು ಮರೆತಿದ್ದೇನೆ, ಊರು ಮರೆತಿದ್ದೇನೆ, ನನ್ನ ಕಟ್ಟೆಯ ಮೇಲೆ ಬಂದು ಒಂದು ರೊಟ್ಟಿ ಉಣ್ಣು. ಬೇಕಾದರೆ ನಾನು ಬಾಯಿ ಹೊಲಿದುಕೊಂಡು ಕೂರುತ್ತೇನೆ. ಕಾಲು ಹಿಡಿಯುವುದಕ್ಕೂ ತಯಾರಿದ್ದೆ. ಹೆಂಡತಿ ಇರುವ ಮನೆಯಿಂದ ಗಂಡನನ್ನು ಭಿಕ್ಷೆಗೆ ಕರೆಯಲು ಹೊರಟವಳು ನಾನು! ಎಂಥ ಬುದ್ಧಿಗೇಡಿ ಎಂದು ನೀವು ಬೈದರೆ ಬೈಸಿಕೊಳ್ಳುತ್ತೇನೆ.

ಟಂಟಂನಲ್ಲಿ ಚೌಡಾಪುರಕ್ಕೆ ಬಂದು, ಅಲ್ಲಿಂದ ಎರಡು ಬಸ್ಸು ಬದಲಿಸಿದೆ. ತಿರುಗಾಡುವವರ ರೊಕ್ಕದಿಂದ ಹೊಟ್ಟೆ ಹೊರೆದವಳು ಗಂಡ ಸತ್ತ ಮೇಲೆ ಊರು ಬಿಟ್ಟು ಹೊರಟದ್ದು ಅದೇ ಮೊದಲು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಪುಕ್ಕಟೆ ಟಿಕೀಟು ಹರಿದು ಕೊಟ್ಟ. ಕಿಟಕಿಯಾಚೆ ತೊಗರಿ ಕೊಯ್ದು ಕಟ್ಟು ಕಟ್ಟಿ ನಿಲ್ಲಿಸಿದ್ದರು. ಎರಡೂ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತವರಿಗೆ ಕಿವಿಯಲ್ಲಿ ವೈರು ಇತ್ತು.

ನಿಂಬರ್ಗಾದಲ್ಲಿ ಇಳಿದಾಗ ಹನ್ನೆರಡು ದಾಟಿತ್ತು. ಚಹಾದಂಗಡಿಯವನಿಗೆ ದೌಲತರಾಯನ ಮಗ ಕಲ್ಲಿನಾಥನ ಮನೆ ಎಂದು ಕೇಳಿದೆ. "ಪುಣೇದಿಂದ ಬಂದಾನಲ್ರಿ, ಅವನಽ ಏನು?" ಎಂದು ಓಣಿ ತೋರಿಸಿದ.

ಬಂದಿದ್ದಾನೆ! ನನ್ನ ಕಾಲಲ್ಲಿ ಶಕ್ತಿ ಬಂತು.

ಎರಡು ಖೋಲಿಯ ಕಲ್ಲಿನ ಮನೆ. ಅಂಗಳದಲ್ಲಿ ತೊಗರಿ ಹರವಿತ್ತು, ಒಬ್ಬ ಹೆಂಗಸು ಮೊರದಲ್ಲಿ ಕೇರುತ್ತಿದ್ದಳು. ಮೂವತ್ತರ ಹೆಂಗಸು, ಬಿಸಿಲಿಗೆ ಕಪ್ಪಾದ ಮುಖ, ಕಣ್ಣು ಬಹಳ ಚೆಂದ. ನನ್ನನ್ನು ನೋಡಿ ಮೊರ ಕೆಳಗಿಟ್ಟಳು.

"ಯಾರು ಬೇಕಾಗಿತ್ರಿ ಅವ್ವಾರ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯ ಹಿಂದಿನಿಂದ ತೊಗರಿ ಕಟ್ಟಿಗೆಯ ಹೊರೆ ಹೊತ್ತು ಅವನು ಬಂದ. ಗಡ್ಡ ಬೋಳಿಸಿದ್ದ. ಒಗೆದ ಅಂಗಿ. ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು, ಅವನಿಗೆ ಬೇಕಾಗಲಿಲ್ಲ. ಹೆಂಡತಿಗೆ ಕಾಣದಂತೆ, ಹೊರೆಯ ಕೆಳಗಿನಿಂದ, ಬೇಡ ಎಂದು ತಲೆ ಅಲ್ಲಾಡಿಸಿದ.

"ಏನಿಲ್ಲವ್ವಾ" ಅಂದೆ. "ಆಳಂದಕ್ಕ ಹೊಂಟಿದ್ದೆ. ಬಸ್ಸು ತಪ್ಪಿತು. ಒಂದೀಟು ನೀರು ಕೊಡು."

"ಮುಂದಿನ ಬಸ್ಸು ಎರಡಕ್ಕ ಐತ್ರಿ. ಬರೇ ನೀರು ಹ್ಯಾಂಗ ಕುಡೀತೀರಿ ಉಣ್ಣೂ ಹೊತ್ತಿನ್ಯಾಗ? ಬರ್ರಿ, ಕುಂದರ್ರಿ."

ಭುವನೇಶ್ವರಿ ಅಂತ ಅವಳ ಹೆಸರು. ಕೇಳುವ ಮೊದಲೇ ಹೇಳಿದಳು. ಪಡಸಾಲೆಯಲ್ಲಿ ಕೂರಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಎದುರಿಗೆ ಕುಳಿತಳು. ಆಮೇಲೆ ಮಾತು ಶುರುವಾಯಿತು ನೋಡಿ, ನನ್ನನ್ನೂ ಮೀರಿಸಿದವಳು.

"ನಮ್ಮ ಮನ್ಯಾವ್ರು ಪುಣೇದಾಗ ಲಾಡ್ಜಿನ್ಯಾಗ ಕೆಲಸಕ್ಕಿದ್ರು ರಿ. ವರ್ಷದ ಮ್ಯಾಲಾಗಿತ್ತು. ಈಗ ಹದಿನೈದ ದಿನ ಆತು ಬಂದು. ಒಮ್ಮೊಮ್ಮೆ ಯಾರದೋ ಫೋನಿಂದ ಮಾತಾಡ್ತಿದ್ರು, ಹಿಂದ ಗಂಟಿ ಸಪ್ಪಳ ಬರ್ತಿತ್ತು. ಲಾಡ್ಜಿನ್ಯಾಗ ಗಂಟಿ ಯಾಕ ಬಾರಸ್ತಾರ ಅಂದ್ರ ಬಾಜೂಕ ಗುಡಿ ಐತಿ ಅಂತಿದ್ರು."

ನಾನು ಅವನ ಕಡೆ ನೋಡಿದೆ. ಅಂಗಳದಲ್ಲಿ ಹೊರೆ ಹೊತ್ತುಕೊಂಡೇ ನಿಂತಿದ್ದ.

"ಅಲ್ಲೊಬ್ಬಾಕಿ ಮಾಲಕಿ ಇದ್ಳಂತ್ರಿ. ವಯಸ್ಸಾದಾಕಿ, ನಿಮ್ಮಂಗ. ಬಾಯಿ ಭಾಳ ಜೋರಂತ ಆಕಿದು. ಆದ್ರ ದಿನಾ ತನ್ನ ಕೈಲೆ ಬಿಸಿ ರೊಟ್ಟಿ ಹಾಕ್ತಿದ್ಳಂತ. ಇವ್ರು ಉಣ್ಣೂ ತನಕ ಎದುರಿಗೆ ಕುಂತು ಮಾತಾಡ್ತಿದ್ಳಂತ. ಆಕಿ ಗಂಡ ಮಜ್ಜಿಗಿಗೆ ಸಕ್ಕರಿ ಹಾಕೊಂಡು ಕುಡೀತಿದ್ನಂತ ರಿ! ಅವನ್ನ ಸುಟ್ಟು ಬಂದ ದಿನ ಆಕಿ ಒಂದು ವಾಟಗಾ ಮಜ್ಜಿಗಿಗೆ ಸಕ್ಕರಿ ಹಾಕಿ ಇಟ್ಟು, ಕುಡಿಯಾವ್ರು ಯಾರೂ ಇಲ್ಲ ಅಂತ ನೆನಪಾಗಿ ಅತ್ಲಂತ."

ಲಿಂಗಾಯತರಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅದೊಂದು ತಪ್ಪು ಬಿಟ್ಟರೆ ಉಳಿದದ್ದೆಲ್ಲ ಸರಿ. ಆ ಮಜ್ಜಿಗೆಯ ಸುದ್ದಿಯನ್ನು ನಾನು ಜನ್ಮದಲ್ಲಿ ಒಬ್ಬರಿಗೇ ಹೇಳಿದ್ದೆ. ರಮಾಬಾಯಿಯ ಜಗಳ, ನನ್ನ ಮೊಣಕಾಲು, ಮದುವೆಯಲ್ಲಿ ಮುನಿಸಿಕೊಂಡವರು, ಎಲ್ಲವನ್ನೂ ಆ ಹೆಂಗಸು ತನ್ನ ತವರಿನ ಸುದ್ದಿಯಂತೆ ಹೇಳುತ್ತಾ ಹೋದಳು. ಹದಿನಾಲ್ಕು ತಿಂಗಳು ನಾನು ಆಡಿದ ಮಾತೆಲ್ಲ ಆ ಮನೆಯಲ್ಲಿತ್ತು.

"ಪಾಪ, ಸತ್ಲಂತ್ರಿ ಆಕಿ."

ನಾನು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟೆ.

"ಆಕಿ ಸತ್ಲು, ಲಾಡ್ಜ್ ಮುಚ್ಚಿದ್ರು. ಇವ್ರು ಬಂದ್ಬಿಟ್ರು. ಸುದ್ದಿ ಕೇಳಿ ನಾನೂ ಅತ್ತೆರಿ. ಕಣ್ಣಿಲೆ ಕಾಣದಾಕಿ ಸಲುವಾಗಿ ಅಳ್ತಿಯಲ್ಲಾ ಅಂತ ಓಣ್ಯಾನವ್ರು ನಕ್ರು. ನನ್ನ ಗಂಡಗ ಅಷ್ಟು ದಿನ ಉಣಿಸ್ಯಾಳ, ಅಳಬಾರ್ದೇನ್ರಿ? ಹೋದ ಸೋಮವಾರ ಒಬ್ಬರು ಜಂಗಮರನ್ನ ಕರದು ಆಕಿ ಸಲುವಾಗಿ ಉಣಿಸಿದೆ. ಹೆಸರೇನು ಅಂತ ಅಯ್ನಾರು ಕೇಳಿದ್ರು. ಇವ್ರಿಗೆ ಆಕಿ ಹೆಸರಽ ಗೊತ್ತಿಲ್ಲ ನೋಡ್ರಿ!"

ಹೌದು, ಎಲ್ಲ ಹೇಳಿದವಳು ಹೆಸರು ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬದುಕಿದ್ದವಳನ್ನು ಸಾಯಿಸಿದ್ದ ಆ ಮನುಷ್ಯ. ನಾನೇ ಆ ಮಾಲಕಿ ಎಂದು ಒಂದು ಮಾತು ಅಂದಿದ್ದರೆ ಅವನ ಪುಣೆ, ಲಾಡ್ಜು, ಊರವರ ಮುಂದಿನ ಮಾನ, ಎಲ್ಲ ಅಲ್ಲೇ ಮಣ್ಣುಪಾಲು. ಅವನು ಓಡಿ ಗಾಣಗಾಪುರಕ್ಕೇ ಬರಬೇಕು, ನನ್ನ ಕಟ್ಟೆಯೇ ಗತಿ. ನಾನು ಬಂದದ್ದು ಅದಕ್ಕೇ ಅಲ್ಲವೇ? ಮಾತು ತುಟಿಯ ತನಕ ಬಂತು. ಭುವನೇಶ್ವರಿ ನನ್ನ ತಾಟು ನೋಡುತ್ತಿದ್ದಳು, ಪಲ್ಯ ಸಾಕಾಯಿತೋ ಇಲ್ಲವೋ ಎಂದು. ನನ್ನ ಸಲುವಾಗಿ ಈ ಲೋಕದಲ್ಲಿ ಅತ್ತವಳು ಅವಳೊಬ್ಬಳೇ. ಇನ್ನು ಮುಂದೆ, ನಿಜವಾಗಿ ಹೋದಾಗ, ಯಾರೂ ಅಳುವುದಿಲ್ಲ ಎಂಬುದು ನನಗೆ ಗೊತ್ತು.

ಮಾತು ನುಂಗಿದೆ. ಜೀವಮಾನದಲ್ಲಿ ಮೊದಲ ಸಲ.

"ಹ್ಯಾಂಗ ಹೋದ್ಳಪ್ಪಾ ಆಕಿ?" ಎಂದು ಅಂಗಳದಲ್ಲಿದ್ದ ಅವನನ್ನೇ ಕೇಳಿದೆ.

ಅವನು ತಡವರಿಸಿದ. "ಮಕ್ಕೊಂಡಲ್ಲೇ ಹೋದ್ರಿ. ತ್ರಾಸ ಆಗಲಿಲ್ಲ."

"ಹತ್ರ ಯಾರರ ಇದ್ರೇನು?"

ಅವನು ಹೊರೆ ಕೆಳಗಿಟ್ಟ. ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ.

"ನಾ ಇದ್ದೆರಿ. ಕೈ ಹಿಡ್ಕೊಂಡು ಕುಂತಿದ್ದೆ."

ಭುವನೇಶ್ವರಿ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ನಾನು ಏನೂ ಮಾತಾಡದೆ ಉಂಡೆ.